ಮಲ್ಲೇಶ್ವರ: ಒಂದು ಬಡಾವಣೆಯ ಚರಿತ್ರೆ ಮತ್ತು ಅದರ ಮರೆಯಾದ ಗುರುತುಗಳು

ಮಲ್ಲೇಶ್ವರ ಬೆಂಗಳೂರು ನಗರದ ವಾಯವ್ಯ ಭಾಗದಲ್ಲಿರುವ ಬಡಾವಣೆ. 19ನೇ ಶತಮಾನದ ಕೊನೆಯ ದಶಕದಲ್ಲಿ, ಹಳೆಯ ಪೇಟೆಯ ಆಚೆ, ನಕ್ಷೆ ಹಾಕಿ ಕಟ್ಟಿದ ಮೊದಲ ಬಡಾವಣೆಗಳಲ್ಲಿ ಇದೂ ಒಂದು. ದಕ್ಷಿಣಕ್ಕೆ ಶೇಷಾದ್ರಿಪುರ, ಪಶ್ಚಿಮಕ್ಕೆ ರೈಲು ಹಳಿ ಮತ್ತು ಅದರಾಚೆ ಶ್ರೀರಾಮಪುರ, ರಾಜಾಜಿನಗರ, ಉತ್ತರಕ್ಕೆ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಯಶವಂತಪುರ, ಪೂರ್ವಕ್ಕೆ ವಯ್ಯಾಲಿಕಾವಲ್, ಸ್ಯಾಂಕಿ ಕೆರೆ, ಸದಾಶಿವನಗರ ಇದರ ಎಲ್ಲೆಗಳು. ಆಡುಮಾತಿನಲ್ಲಿ ಇದು ಮಲ್ಲೇಶ್ವರಂ.

ಇಂದು ಈ ಹೆಸರು ಕೇಳಿದರೆ ಬೆಂಗಳೂರಿನವರಿಗೆ ನೆನಪಾಗುವುದು ಕಾಡು ಮಲ್ಲೇಶ್ವರನ ಗುಡಿ, 8ನೇ ಕ್ರಾಸಿನ ಹೂವಿನ ಅಂಗಡಿಗಳು, ಬೆಣ್ಣೆ ದೋಸೆ, ಸಂಜೆಯ ಸಂಗೀತ ಕಛೇರಿ. ಈ ನೆನಪು ನಿಜವೇ ಆದರೂ ಅರೆಬರೆಯದು. ನಗರಕ್ಕೆ ಕೊಳಾಯಿ ನೀರು ಮೊದಲು ಬಂದದ್ದು ಮಲ್ಲೇಶ್ವರದ ಮೂಲಕ. ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಇದರ ಕೆರೆಯ ಪಕ್ಕದ ಉಗ್ರಾಣದಲ್ಲಿ ರಾಶಿ ಬೀಳುತ್ತಿದ್ದವು. ಇದರ ದಕ್ಷಿಣದ ತುದಿಯಲ್ಲಿ ನೂಲಿನ ಗಿರಣಿ ಇತ್ತು, ಪಶ್ಚಿಮದ ಅಂಚಿನಲ್ಲಿ ವಿದ್ಯುತ್ ಬಲ್ಬಿನ ಕಾರ್ಖಾನೆ. ಗುಡಿ ಮತ್ತು ಹೋಟೆಲುಗಳ ಬಗ್ಗೆ ಪುಟಗಟ್ಟಲೆ ಬರೆಯಲಾಗಿದೆ. ದುಡಿಮೆಯ ತಾಣಗಳು ಅಳಿದಾಗ ಅವುಗಳ ನೆನಪನ್ನು ಜೋಪಾನ ಮಾಡಿದವರು ಕಡಿಮೆ. ಬಡಾವಣೆಯ ಚರಿತ್ರೆ ಬರೆಯುವಾಗ ಈ ಎರಡನೆಯ ಸಾಲಿನ ಗುರುತುಗಳಿಗೇ ಹೆಚ್ಚು ಜಾಗ ಸಲ್ಲಬೇಕು.

ಬಡಾವಣೆಗೆ ಮುಂಚೆ

ಇಲ್ಲಿನ ಅತಿ ಖಚಿತವಾದ ಹಳೆಯ ದಾಖಲೆ 1669ರ ಶಿಲಾಶಾಸನ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಮೂರನೆಯ ಕೆಂಪೇಗೌಡನಿಂದ ವಶಪಡಿಸಿಕೊಂಡ ಮೇಲೆ ಈ ಸೀಮೆ ಶಹಾಜಿ ಭೋಸಲೆಯ ಜಹಗೀರಾಯಿತು. ಅವನ ಮಗ, ಶಿವಾಜಿಯ ಮಲತಮ್ಮ ಏಕೋಜಿ, ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ಉಂಬಳಿಯಾಗಿ ಬಿಟ್ಟ ಸಂಗತಿ ಶಾಸನದಲ್ಲಿದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಇದು ಅಚ್ಚಾಗಿದೆ. ದೇವರು ಮತ್ತು ಗುಡಿ ಉಳಿದರೂ ಉಂಬಳಿ ಕೊಟ್ಟ ಹಳ್ಳಿ ಉಳಿಯಲಿಲ್ಲ. ಮೇದರನಿಂಗನಹಳ್ಳಿ ಇದ್ದದ್ದು ಈಗಿನ ವಿಜ್ಞಾನ ಸಂಸ್ಥೆಯ ಸುತ್ತಿನಲ್ಲಿ. ಬಿದಿರಿನ ಬುಟ್ಟಿ, ಮೊರ ಹೆಣೆಯುವ ಮೇದರ ಹೆಸರು ಹೊತ್ತ ಆ ಊರಿಗೆ ಇಂದು ನೆಲದ ಮೇಲೆ ಗುರುತಿಲ್ಲ. ಬೆಂಗಳೂರು ನುಂಗಿದ ಊರುಗಳಲ್ಲಿ ಹೀಗೆ ಕಲ್ಲಿನ ಮೇಲೆ ಮಾತ್ರ ಉಳಿದವು ಬಹಳ.

ಗುಡಿಗೆ ಕಾಡು ಮಲ್ಲೇಶ್ವರ ಎಂಬ ಹೆಸರು ಬಂದದ್ದು ಸುತ್ತಲಿನ ಕುರುಚಲು ಕಾಡಿನಿಂದ. ದಿಬ್ಬದ ಮೇಲೆ ನಿಂತ ಈ ಗುಡಿಯ ಆಸುಪಾಸಿನಿಂದ ಇಳಿದ ನೀರು ವೃಷಭಾವತಿಯ ಒಂದು ಕವಲಾಗಿ ಹರಿಯುತ್ತಿತ್ತು. ಆ ತೊರೆ ಇಂದು ಕಾಂಕ್ರೀಟಿನ ರಾಜಕಾಲುವೆ. ಗುಡಿಯ ಎದುರಿನ ನಂದಿ ತೀರ್ಥದ ಕಥೆ ಇದಕ್ಕೆ ತೀರ ಬೇರೆ. ಮಣ್ಣು ಮುಚ್ಚಿಕೊಂಡು ಬಯಲಾಗಿ ಕಾಣುತ್ತಿದ್ದ ಜಾಗವನ್ನು 1997ರಲ್ಲಿ ಅಗೆದಾಗ ಕೆಳಗೆ ಕಲ್ಲಿನ ಮಂಟಪ, ಕಲ್ಯಾಣಿ ಮತ್ತು ಬಾಯಿಂದ ನೀರು ಸುರಿಸುವ ದಕ್ಷಿಣಾಭಿಮುಖ ನಂದಿ ಸಿಕ್ಕವು. ಸಾವಿರಾರು ವರ್ಷ ಹಳೆಯದು ಎಂಬ ಮಾತು ಆಗ ಹರಡಿತು, ಈಗಲೂ ಓಡಾಡುತ್ತಿದೆ. ಅದಕ್ಕೆ ಶಾಸನದ ಆಧಾರವಿಲ್ಲ. ಹೂತುಹೋಗಿದ್ದ ನೀರಿನ ತಾಣವೊಂದು ಮರಳಿ ಬೆಳಕಿಗೆ ಬಂದದ್ದು ಬೆಂಗಳೂರಿನಲ್ಲಿ ಅಪರೂಪ. ಅದರ ಬೆಲೆ ಅಲ್ಲಿಯೇ ಇದೆ, ವರ್ಷಗಳನ್ನು ಹಿಗ್ಗಿಸಬೇಕಾದ ಅಗತ್ಯವಿಲ್ಲ.

ನೀರಿನ ಗುರುತುಗಳು

1875ರಿಂದ 77ರವರೆಗಿನ ಬರಗಾಲದಲ್ಲಿ ಬೆಂಗಳೂರಿನ ಕೆರೆಗಳು ಒಣಗಿದ್ದವು. ಆ ಪಾಡು ಮತ್ತೆ ಬಾರದಿರಲೆಂದು ಮಲ್ಲೇಶ್ವರದ ಪೂರ್ವ ಅಂಚಿನಲ್ಲಿ 1882ರಲ್ಲಿ ಒಂದು ಕೆರೆ ಸಿದ್ಧವಾಯಿತು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ, ಅಠಾರಾ ಕಚೇರಿಯನ್ನೂ ರೂಪಿಸಿದ ರಿಚರ್ಡ್ ಸ್ಯಾಂಕಿಯ ಹೆಸರು ಅದಕ್ಕೆ ಬಂತು. ಸುಮಾರು 37 ಎಕರೆಯ ಈ ಕೆರೆಯನ್ನು ಕಂಟೋನ್ಮೆಂಟಿನ ಮಿಲ್ಲರ್ಸ್ ಕೆರೆ ಮತ್ತು ಪೇಟೆಯ ಧರ್ಮಾಂಬುಧಿ ಕೆರೆಗಳ ಜೊತೆ ಜೋಡಿಸುವ ಯೋಜನೆ ಇತ್ತು. ಆ ಸರಪಳಿಯಲ್ಲಿ ಸ್ಯಾಂಕಿಯೊಂದೇ ಇಂದು ನೀರಿರುವ ಕೆರೆ. ಮಿಲ್ಲರ್ಸ್ ಕೆರೆಯ ನೆಲ ಕಟ್ಟಡಗಳಿಗೆ ಹೋಯಿತು. ಧರ್ಮಾಂಬುಧಿಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಮಲ್ಲೇಶ್ವರ ಮತ್ತು ಶೇಷಾದ್ರಿಪುರಗಳ ನಡುವಿನ ತಗ್ಗಿನಲ್ಲಿದ್ದ ಜಕ್ಕರಾಯನ ಕೆರೆಯೂ ಮೈದಾನವಾಗಿದೆ. ಮೇಲಿನ ದಿಬ್ಬದಿಂದ ಇಳಿದ ಮಳೆನೀರು ಹಿಂದೆ ನಿಲ್ಲುತ್ತಿದ್ದ ಜಾಗ ಅದು.

ಕೆರೆಯ ನೀರು ಬೆಳೆಯುವ ಊರಿಗೆ ಸಾಲದಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಕೆರೆ ಕಟ್ಟಿ, ಸೋಲದೇವನಹಳ್ಳಿಯಲ್ಲಿ ಯಂತ್ರದಿಂದ ನೀರೆತ್ತಿ, ಮಲ್ಲೇಶ್ವರದ ಎತ್ತರದ ನೆಲಕ್ಕೆ ತಂದು ಅಲ್ಲಿಂದ ಪೇಟೆ ಮತ್ತು ದಂಡು ಪ್ರದೇಶಗಳಿಗೆ ಹಂಚುವ ವ್ಯವಸ್ಥೆ 1896ರಲ್ಲಿ ಶುರುವಾಯಿತು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಅದರ ಹೆಸರು. ಬಾವಿ, ಕಲ್ಯಾಣಿ, ಕೆರೆಗಳನ್ನು ನಂಬಿದ್ದ ಊರಿಗೆ ದೂರದ ಹೊಳೆಯ ನೀರು ಕೊಳವೆಯಲ್ಲಿ ಬಂದದ್ದು ಅದೇ ಮೊದಲು. ನೀರು ಶೋಧಿಸುವ ಘಟಕ ಮಲ್ಲೇಶ್ವರದಲ್ಲೇ ತಲೆಯೆತ್ತಿತು. ಜ್ಯುವೆಲ್ ಫಿಲ್ಟರ್ ಎಂದರೆ ಹಳಬರಿಗೆ ಈಗಲೂ ಗೊತ್ತಾಗುವ ಜಾಗ ಅದು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂತು, 1970ರ ದಶಕದಲ್ಲಿ ಕಾವೇರಿ ಬಂತು, ಹೆಸರಘಟ್ಟ ಒಣಗುತ್ತಾ ಹೋಯಿತು. ಈಗ ಜಲಮಂಡಳಿಯ ಜಲಾಗಾರವಾಗಿರುವ ಆವರಣದಲ್ಲಿ ಹಾದುಹೋಗುವುದು ಬೇರೆ ನದಿಯ ನೀರು. ಊರಿನ ಆಧುನಿಕ ಬದುಕು ಎಲ್ಲಿಂದ ಶುರುವಾಯಿತೆಂದು ಮಕ್ಕಳಿಗೆ ತೋರಿಸಬೇಕಾದರೆ ಮೊದಲು ಕರೆದೊಯ್ಯಬೇಕಾದದ್ದು ಇಲ್ಲಿಗೆ. ಆದರೂ ಮಲ್ಲೇಶ್ವರದ ದರ್ಶನಕ್ಕೆ ಬರುವವರ ಪಟ್ಟಿಯಲ್ಲಿ ಇದು ಇರುವುದೇ ಇಲ್ಲ.

ನಕ್ಷೆ, ಪ್ಲೇಗು, ಮನೆ

ಪೇಟೆಯ ಇಕ್ಕಟ್ಟು ತಪ್ಪಿಸಲು ಉತ್ತರದಲ್ಲಿ ಮಲ್ಲೇಶ್ವರ, ದಕ್ಷಿಣದಲ್ಲಿ ಬಸವನಗುಡಿ ಎಂಬ ಎರಡು ಬಡಾವಣೆಗಳ ಕೆಲಸ ಶೇಷಾದ್ರಿ ಅಯ್ಯರ್ ದಿವಾನಗಿರಿಯಲ್ಲೇ ಆರಂಭವಾಗಿತ್ತು. ಜನ ಮಾತ್ರ ಪೇಟೆ ಬಿಟ್ಟು ಕಾಡಿನ ಗುಡಿಯ ಬಳಿಗೆ ಬರಲು ಹಿಂಜರಿದರು. ಅವರನ್ನು ಹೊರಡಿಸಿದ್ದು ಪ್ಲೇಗು. 1898ರ ಆಗಸ್ಟಿನಲ್ಲಿ ರೈಲಿನ ಹಾದಿ ಹಿಡಿದು ಹುಬ್ಬಳ್ಳಿಯ ಕಡೆಯಿಂದ ಬಂದ ರೋಗ ಚಿಕ್ಕಪೇಟೆ, ಬಳೇಪೇಟೆಗಳ ಗಾಳಿಬೆಳಕಿಲ್ಲದ ಓಣಿಗಳಲ್ಲಿ ಸಾವಿರಾರು ಜನರನ್ನು ಕೊಂದಿತು. ಮನೆಗೆ ಬೀಗ ಹಾಕಿ ಊರಾಚೆಯ ಗುಡಿಸಲುಗಳಿಗೆ ಓಡಿದ ಕುಟುಂಬಗಳಲ್ಲಿ ಶಕ್ತಿಯಿದ್ದವರು ಹೊಸ ಬಡಾವಣೆಗಳಲ್ಲಿ ನಿವೇಶನ ಕೊಂಡರು. ಪ್ಲೇಗಿನಿಂದಲೇ ಮಲ್ಲೇಶ್ವರ ಹುಟ್ಟಿತೆಂದು ಹಲವರು ಬರೆಯುತ್ತಾರೆ. ನಕ್ಷೆ ಅದಕ್ಕಿಂತ ಹಿಂದಿನದು, ಅದನ್ನು ಮನೆಗಳಿಂದ ತುಂಬಿಸಿದ್ದು ಪ್ಲೇಗು.

ನಕ್ಷೆಯ ತರ್ಕ ಸರಳ: ಉತ್ತರ ದಕ್ಷಿಣಕ್ಕೆ ಮೇನ್ ರಸ್ತೆಗಳು, ಪೂರ್ವ ಪಶ್ಚಿಮಕ್ಕೆ ಕ್ರಾಸುಗಳು. ಕ್ರಾಸುಗಳ ಎಣಿಕೆ ದಕ್ಷಿಣದಿಂದ ಉತ್ತರಕ್ಕೆ ಏರುತ್ತಾ ಹೋಗಿ 18ನೇ ಕ್ರಾಸು ಸ್ಯಾಂಕಿ ಕೆರೆಯ ಬಳಿ ಬರುತ್ತದೆ. ಎರಡು ಮುಖ್ಯ ರಸ್ತೆಗಳಿಗೆ ಅವುಗಳ ಸಾಲುಮರಗಳ ಹೆಸರೇ ಬಂತು. ಒಂದು ಸಂಪಿಗೆ ರಸ್ತೆ, ಇನ್ನೊಂದು ಬೇವಿನ ಸಾಲಿನ ಮಾರ್ಗೋಸಾ ರಸ್ತೆ. ಸಂಪಿಗೆ ರಸ್ತೆಯಲ್ಲಿ ಈಗ ಸಂಪಿಗೆ ಮರ ಹುಡುಕಬೇಕು.

ಮನೆಗಳ ಸಾಲಿಗೂ ಹಿಂದಿನ ಸಾಲಿಗೂ ನಡುವೆ ಕಿರಿದಾದ ಓಣಿಯೊಂದನ್ನು ನಕ್ಷೆಯಲ್ಲಿ ಬಿಡಲಾಗಿತ್ತು. ಕನ್ಸರ್ವೆನ್ಸಿ ಗಲ್ಲಿ ಎಂದು ಅದನ್ನು ಕರೆಯುತ್ತಿದ್ದರು. ಹಿತ್ತಲ ತುದಿಯ ಕಕ್ಕಸಿನಿಂದ ಮಲ ತೆಗೆದು ಹೊರುವವರು ಮುಂಬಾಗಿಲಿನ ಬೀದಿಗೆ ಕಾಲಿಡದೆ ಹಿಂದಿನಿಂದಲೇ ಬಂದು ಹೋಗಲಿ ಎಂಬುದು ಆ ಓಣಿಯ ಉದ್ದೇಶ. ಆರೋಗ್ಯದ ಹೆಸರಿನಲ್ಲಿ ಹಾಕಿದ ನಕ್ಷೆಯೊಳಗೆ ಜಾತಿಯ ಗೆರೆ ಇಷ್ಟು ಸ್ಪಷ್ಟವಾಗಿ ಮೂಡಿದೆ. ಹೆಚ್ಚಾಗಿ ಬ್ರಾಹ್ಮಣ ಮನೆತನಗಳು, ಸರ್ಕಾರಿ ನೌಕರರು, ವಕೀಲರು, ಮೇಷ್ಟರುಗಳು ನೆಲೆಸಿದ ಬಡಾವಣೆಯ ಚೆಲುವನ್ನು ಹೊಗಳುವಾಗ ಅದರ ಬೆನ್ನ ಹಿಂದಿನ ಈ ಓಣಿಗಳಲ್ಲಿ ದುಡಿದವರನ್ನು ಬಿಟ್ಟುಬಿಡುವುದು ಅನ್ಯಾಯ. ಒಳಚರಂಡಿ ಬಂದ ಮೇಲೆ ಗಲ್ಲಿಗಳು ಕಸದ ತಾಣಗಳಾದವು, ಕೆಲವನ್ನು ಅಕ್ಕಪಕ್ಕದವರು ಒತ್ತುವರಿ ಮಾಡಿದರು. ಇತ್ತೀಚಿನ ವರ್ಷಗಳಲ್ಲಿ ನಿವಾಸಿಗಳು ಕೆಲವು ಓಣಿಗಳನ್ನು ಗುಡಿಸಿ, ಗೋಡೆಗಳಿಗೆ ಬಣ್ಣ ಬಳಿದು, ನಡೆದಾಡುವ ದಾರಿಗಳನ್ನಾಗಿ ಮಾಡಿದ್ದಾರೆ.

ಮನೆಗಳಲ್ಲಿ ಎರಡು ಬಗೆ. ಕಾಂಪೌಂಡಿನ ನಡುವೆ ನಿಂತ ಬಂಗಲೆ ಮೊದಲನೆಯದು: ಮಂಗಳೂರು ಹೆಂಚಿನ ಮಾಡು, ಕೆಂಪು ಗಾರೆಯ ನುಣುಪು ನೆಲ, ಕಿಟಕಿಯ ಮೇಲೆ ಚೂಪಾಗಿ ಚಾಚಿದ ಮರದ ಪಟ್ಟಿಗಳ ಮರೆ (ಬೆಂಗಳೂರಿನವರ ಬಾಯಲ್ಲಿ ಮಂಕಿ ಟಾಪ್), ಹಿತ್ತಲಲ್ಲಿ ಬಾವಿ, ತೆಂಗು, ನಂದಬಟ್ಟಲು. ಎರಡನೆಯದು ವಠಾರ. ನಡುವಿನ ಅಂಗಳದ ಸುತ್ತ ಒಂದೊಂದೇ ಕೋಣೆ, ಅಡುಗೆಮನೆಗಳ ಬಾಡಿಗೆ ಬಿಡಾರಗಳು, ಎಲ್ಲರಿಗೂ ಒಂದೇ ನಲ್ಲಿ. ಹಾಸನ, ತುಮಕೂರು, ಶಿವಮೊಗ್ಗ ಕಡೆಯಿಂದ ಓದಲು, ಗುಮಾಸ್ತಿಕೆ ಹುಡುಕಲು ಬಂದ ಸಂಸಾರಗಳು ಬೆಂಗಳೂರಿನಲ್ಲಿ ಕಾಲೂರಿದ್ದು ಇಂಥ ವಠಾರಗಳಲ್ಲಿ. ಬಂಗಲೆ ಕೆಡವಿದಾಗ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ವಠಾರ ಕೆಡವಿದ್ದು ಯಾರಿಗೂ ಸುದ್ದಿಯಾಗಲಿಲ್ಲ. ಎರಡೂ ಅಳಿಯಲು ಮುಖ್ಯ ಕಾರಣ ಮನೆಯೊಳಗಿನದೇ. ಮೂರನೆಯ ತಲೆಮಾರಿನಲ್ಲಿ ಆಸ್ತಿ ಹಲವು ಪಾಲಾಗುತ್ತದೆ. ಪಾಲುದಾರರಲ್ಲಿ ಕೆಲವರು ಪರದೇಶದಲ್ಲಿರುತ್ತಾರೆ. ಒಂದು ಹಳೆಯ ಮನೆಯನ್ನು ಐದು ಜನ ಹಂಚಿಕೊಳ್ಳಲಾಗದು, ಐದು ಫ್ಲಾಟುಗಳನ್ನು ಹಂಚಿಕೊಳ್ಳಬಹುದು.

ಗಂಧ, ನೂಲು

ಸ್ಯಾಂಕಿ ಕೆರೆಗೆ ಗಂಧದಕೋಟಿ ಕೆರೆ ಎಂಬ ಇನ್ನೊಂದು ಹೆಸರಿತ್ತು. ಸರ್ಕಾರದ ಗಂಧದ ಉಗ್ರಾಣ, ಅಂದರೆ ಗಂಧದ ಕೋಠಿ, ಅದರ ಪಕ್ಕದಲ್ಲೇ ಇದ್ದುದರಿಂದ ಬಂದ ಹೆಸರು. ಟಿಪ್ಪುವಿನ ಕಾಲದಿಂದಲೂ ಮೈಸೂರು ಸೀಮೆಯಲ್ಲಿ ಗಂಧ ದೊರೆತನದ ಸೊತ್ತಾಗಿತ್ತು. ಯಾರ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದೇ ಆಗಿತ್ತು. ಬೇರು ಸಹಿತ ಕಿತ್ತು ತಂದ ಕೊರಡುಗಳ ಹೊರಪದರವನ್ನು ಕೆತ್ತಿ, ಒಳಗಿನ ಚೇಗನ್ನು ದರ್ಜೆವಾರು ವಿಂಗಡಿಸಿ, ತೂಗಿ ಹರಾಜು ಹಾಕುವುದು ಕೋಠಿಗಳ ಕೆಲಸವಾಗಿತ್ತು. ಮೊದಲ ಮಹಾಯುದ್ಧದ ತನಕ ಕೊಳ್ಳುವವರಲ್ಲಿ ಜರ್ಮನಿಯ ಎಣ್ಣೆ ತಯಾರಕರು ಪ್ರಮುಖರು. ಯುದ್ಧದಿಂದ ಆ ದಾರಿ ಮುಚ್ಚಿ ಕೊರಡು ಉಗ್ರಾಣಗಳಲ್ಲೇ ಉಳಿದಾಗ, ಮಲ್ಲೇಶ್ವರಕ್ಕೆ ಅಂಟಿಕೊಂಡಿದ್ದ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. ಆಲ್ಫ್ರೆಡ್ ಚಾಟರ್ಟನ್ ಕೈಗಾರಿಕಾ ಇಲಾಖೆಯಿಂದ ಒತ್ತಾಸೆ ನೀಡಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಇಳಿಯತೊಡಗಿತು. ಮೈಸೂರು ಸ್ಯಾಂಡಲ್ ಸೋಪಿನ ಕಥೆ ಶುರುವಾಗುವುದು ಇಲ್ಲಿಂದ. ಸಾಬೂನಿನ ಹೆಸರು ಮನೆಮನೆಗೂ ಮುಟ್ಟಿದೆ. ಕೊರಡುಗಳನ್ನು ಕೆತ್ತಿ ವಿಂಗಡಿಸಿದ ಕೆಲಸಗಾರರು ಮತ್ತು ಅವರ ಕೋಠಿ ಮರೆತುಹೋಗಿವೆ. ಅರಣ್ಯ ಇಲಾಖೆಯ ಕೇಂದ್ರ ಕಚೇರಿ ಅರಣ್ಯ ಭವನ 18ನೇ ಕ್ರಾಸಿನಲ್ಲಿ ನಿಂತಿರುವುದರ ಹಿಂದೆ ಈ ಹಳೆಯ ನಂಟಿದೆ.

ಬಡಾವಣೆಯ ದಕ್ಷಿಣ ತುದಿಯಲ್ಲಿ ರೈಲು ಹಳಿಗೆ ಹತ್ತಿರವಾಗಿ ಇದ್ದದ್ದು ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಗಿರಣಿ. ಜನರಿಗೆ ಅದು ರಾಜಾ ಮಿಲ್. ಬಿನ್ನಿ ಮಿಲ್ಲಿನ ಹಾಗೆ ಇದೂ 1880ರ ದಶಕದ್ದು, ಅಂದರೆ ಬಡಾವಣೆಗಿಂತ ಹಳೆಯದು. ಅದರ ಸೈರನ್ನು ಗಡಿಯಾರವಿಲ್ಲದ ಮನೆಗಳಿಗೂ ಹೊತ್ತು ತಿಳಿಸುತ್ತಿತ್ತು. ಪಾಳಿ ಮುಗಿಸಿದ ಕೆಲಸಗಾರರು ಹಳಿ ದಾಟಿ ಶ್ರೀರಾಮಪುರದ ಕಡೆಗೆ ನಡೆಯುತ್ತಿದ್ದರು. ಕನ್ನಡ, ತಮಿಳು, ತೆಲುಗು ಮೂರೂ ನುಡಿಗಳ ಆ ಕಾರ್ಮಿಕ ಕೇರಿಗಳು ಮತ್ತು ಹಳಿಯ ಈಚೆಯ ಬಂಗಲೆಗಳು ಒಂದೇ ಸೈರನ್ನಿನ ಅಳತೆಯಲ್ಲಿ ದಿನ ಕಳೆದವು. ಗಿರಣಿ ನಿಂತ ಮೇಲೆ ನೆಲ ಕೈಬದಲಾಯಿತು. 2010ರಲ್ಲಿ ಅಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು, 2014ರ ಮಾರ್ಚಿನಲ್ಲಿ ಅದರ ಮಗ್ಗುಲಿನ ನಿಲ್ದಾಣದಿಂದ ಪೀಣ್ಯ ಕಡೆಗೆ ಮೆಟ್ರೊ ಹೊರಟಿತು. ಗಿರಣಿ ಇತ್ತೆಂದು ಹೇಳುವ ಒಂದು ಫಲಕವಾದರೂ ಅಲ್ಲಿ ಎದ್ದುಕಾಣುವಂತೆ ಇರಬೇಕಿತ್ತು. ನೂರು ವರ್ಷ ಊರಿಗೆ ಸಂಬಳ ಕೊಟ್ಟ ಜಾಗಕ್ಕೆ ಅಷ್ಟು ಮರ್ಯಾದೆ ಸಲ್ಲಬೇಕು.

ಆಟ, ಪಾಠ, ಸಂಗೀತ, ಸಿನಿಮಾ

ಮಲ್ಲೇಶ್ವರದ ಸಂಘಸಂಸ್ಥೆಗಳು ಹೆಚ್ಚಿನವು ಇಂದಿಗೂ ನಡೆಯುತ್ತಿರುವುದರಿಂದ ಅವುಗಳ ವಿವರಕ್ಕೆ ಇಲ್ಲಿ ಕಡಿಮೆ ಜಾಗ ಸಾಕು. ಕೆ.ಸಿ. ಜನರಲ್ ಆಸ್ಪತ್ರೆ, ಎಂಇಎಸ್ ಕಾಲೇಜು, ಮಹಾರಾಣಿ ಲಕ್ಷ್ಮಿ ಅಮ್ಮಣ್ಣಿ ಕಾಲೇಜು, ಸೇವಾ ಸದನ, ಮಲ್ಲೇಶ್ವರಂ ಅಸೋಸಿಯೇಷನ್ ಇವುಗಳಲ್ಲಿ ಮುಖ್ಯವಾದವು. ಕರಾವಳಿಯಿಂದ ಬಂದ ಕೊಂಕಣಿಗರ ಕೆನರಾ ಯೂನಿಯನ್ನಿನ ಕಲ್ಯಾಣಮಂಟಪದಲ್ಲಿ ಮದುವೆಗಳಿಲ್ಲದ ದಿನ ಶಟಲ್ ಆಡುತ್ತಿದ್ದರು. ಪ್ರಕಾಶ್ ಪಡುಕೋಣೆ ಬೆಳೆದದ್ದು ಆ ಅಂಕಣದಲ್ಲಿ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಆಟದ ಮೊದಲ ಪಾಠಗಳಿಗೆ ಮದುವೆಯ ಹಜಾರವೇ ಅಂಗಳವಾಗಿತ್ತು. ಸಿ.ವಿ. ರಾಮನ್ ಅವರ ಮನೆ ಪಂಚವಟಿ 15ನೇ ಕ್ರಾಸಿನಲ್ಲಿದೆ, ತನ್ನ ಮರಗಳ ಸಮೇತ ಉಳಿದಿದೆ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ವಯ್ಯಾಲಿಕಾವಲಿನ ಬದಿಯಲ್ಲಿ 1980ರಲ್ಲಿ ತೆರೆಯಿತು. ಅದಕ್ಕೂ ಮೊದಲು ರಾಮನವಮಿಯ ಚಪ್ಪರಗಳಲ್ಲಿ, ಶಾಲೆಯ ಅಂಗಳಗಳಲ್ಲಿ, ಮನೆಯ ಪಡಸಾಲೆಗಳಲ್ಲಿ ಇಲ್ಲಿಯ ಸಂಗೀತ ಬೆಳೆದಿತ್ತು.

ಚಿತ್ರಮಂದಿರಗಳ ಹಣೆಬರಹ ಬೇರೆಯಾಯಿತು. ಸಂಪಿಗೆ ರಸ್ತೆಯಿಂದ ಶೇಷಾದ್ರಿಪುರದವರೆಗಿನ ಸಣ್ಣ ಅಂತರದಲ್ಲಿ ಸ್ವಸ್ತಿಕ್, ಗೀತಾಂಜಲಿ, ಕಿನೊ ಮುಂತಾದ ಟಾಕೀಸುಗಳಿದ್ದವು. ಗಿರಣಿಯ ಕೆಲಸಗಾರ ಪರದೆಯ ಮುಂದಿನ ಅಗ್ಗದ ಗಾಂಧಿ ಕ್ಲಾಸಿನಲ್ಲಿ, ಬಂಗಲೆಯ ಸಂಸಾರ ಬಾಲ್ಕನಿಯಲ್ಲಿ ಕೂತು ಒಂದೇ ಚಿತ್ರ ನೋಡುತ್ತಿದ್ದದ್ದು ಇಲ್ಲಿ. ಟಿಕೆಟ್ಟಿನ ದರ ಬೇರೆಯಾದರೂ ಸೂರು ಒಂದೇ. ಹಳಿಯ ಎರಡೂ ಬದಿಯ ಜನ ಸೇರುತ್ತಿದ್ದ ಜಾಗ ಮಾರುಕಟ್ಟೆ ಬಿಟ್ಟರೆ ಇದೊಂದೇ. ಮೊದಲು ಟಿವಿ, ಆಮೇಲೆ ಮಾಲುಗಳ ಮಲ್ಟಿಪ್ಲೆಕ್ಸು ಬಂದವು. ಒಂದೇ ಪರದೆಯ ಮಂದಿರಗಳಿಗಿಂತ ಅವು ನಿಂತ ನೆಲದ ಬೆಲೆಯೇ ಹೆಚ್ಚಾಯಿತು. ಸ್ವಸ್ತಿಕ್ ಈಗ ಬಸ್ ನಿರ್ವಾಹಕರು ಕೂಗುವ ನಿಲ್ದಾಣ.

ಹೋಟೆಲುಗಳು ಇದಕ್ಕಿಂತ ಗಟ್ಟಿ. 7ನೇ ಕ್ರಾಸಿನ ಸೆಂಟ್ರಲ್ ಟಿಫಿನ್ ರೂಮ್ ಹೆಸರು ಬದಲಿಸಿ ಶ್ರೀ ಸಾಗರ್ ಆದರೂ ಗಿರಾಕಿಗಳಿಗೆ ಸಿಟಿಆರ್ ಆಗಿಯೇ ಉಳಿದಿದೆ. ವೀಣಾ ಸ್ಟೋರ್ಸ್ 1977ರಿಂದ ಇಡ್ಲಿ ಕೊಡುತ್ತಿದೆ. ಕಳೆದುಹೋದದ್ದರಲ್ಲಿ ದೊಡ್ಡದು ನ್ಯೂ ಕೃಷ್ಣ ಭವನ. ಸಂಪಿಗೆ ರಸ್ತೆಯಲ್ಲಿ 1954ರಲ್ಲಿ ಆರಂಭವಾಗಿ 2023ರ ಕೊನೆಗೆ ಮುಚ್ಚಿದ ಈ ಹೋಟೆಲಿನ ಹಸಿರು ಮಸಾಲೆ ಇಡ್ಲಿ, ಸಾಂಬಾರಿನಲ್ಲಿ ತೇಲುವ ಬಟನ್ ಇಡ್ಲಿ, ರಾಗಿ ದೋಸೆಗಳಿಗಾಗಿ ಕೊನೆಯ ದಿನಗಳಲ್ಲಿ ಜನ ಸಾಲುಗಟ್ಟಿ ನಿಂತರು. ಕೂತು, ನಿಧಾನವಾಗಿ, ಮಾತಾಡುತ್ತಾ ತಿನ್ನಬಹುದಾದ ಹೋಟೆಲು ಅದು. ನಿಂತೇ ತಿಂದು ಹೊರಡುವ ದರ್ಶಿನಿಗಳ ಕಾಲದಲ್ಲಿ ಅಂಥ ಜಾಗಗಳ ಕೊರತೆ ನಿಜವಾದ ಕೊರತೆ.

ಇತ್ತೀಚಿನ ದಶಕಗಳು

ಮರಗಳನ್ನೂ ಕೆರೆಯನ್ನೂ ಕಾಯಲು ಇಲ್ಲಿನ ನಾಗರಿಕರು ತೋರಿದ ಹಟ ಗಮನಾರ್ಹ. ಸ್ಯಾಂಕಿ ರಸ್ತೆ ಅಗಲೀಕರಣಕ್ಕೆ 2011ರಲ್ಲಿ ಮರಗಳು ಉರುಳಿದಾಗ ನಿವಾಸಿಗಳು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ಅದೇ ರಸ್ತೆಯಲ್ಲಿ ಮೇಲ್ಸೇತುವೆಯ ಪ್ರಸ್ತಾಪ ಬಂದಾಗ 2023ರಲ್ಲಿ ಶಾಲೆಯ ಮಕ್ಕಳಿಂದ ಹಿಡಿದು ಅಜ್ಜಂದಿರವರೆಗೆ ಮತ್ತೆ ಸೇರಿದರು. ಕಾಡು ಮಲ್ಲೇಶ್ವರನ ಸುತ್ತ ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆ ನಡೆಯತೊಡಗಿದ್ದೂ ಇತ್ತೀಚಿನದೇ.

ಅದೇ ಹಟ ದುಡಿಮೆಯ ತಾಣಗಳ ಕಡೆಗೂ ಹರಿಯಲು ಒಂದು ಅವಕಾಶ ಉಳಿದಿದೆ. ಬಡಾವಣೆಯ ಪಶ್ಚಿಮ ಅಂಚಿನಲ್ಲಿ, ಹಳೆಯ ತುಮಕೂರು ರಸ್ತೆಗೆ ಹೊಂದಿಕೊಂಡು, 1936ರಲ್ಲಿ ಸ್ಥಾಪನೆಯಾದ ಮೈಸೂರು ಲ್ಯಾಂಪ್ ವರ್ಕ್ಸ್ ಇದೆ. ಏಷ್ಯಾದಲ್ಲೇ ಮೊದಲ ಸಾಲಿನಲ್ಲಿ ವಿದ್ಯುತ್ ಬೀದಿದೀಪ ಕಂಡ ಊರಿಗೆ (ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಅವು ಬೆಳಗಿದವು) ತನ್ನದೇ ಬಲ್ಬು ಕೊಟ್ಟ ಕಾರ್ಖಾನೆ ಇದು. ಮೈಸೂರು ಲ್ಯಾಂಪ್ ಎಂಬ ಅಚ್ಚು ಹೊತ್ತ ಗುಂಡು ಬಲ್ಬುಗಳು ಕರ್ನಾಟಕದ ಹಳ್ಳಿ ಶಾಲೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ, ದೇವರ ಮನೆಗಳಲ್ಲಿ ದಶಕಗಳ ಕಾಲ ಉರಿದವು. 21ನೇ ಶತಮಾನದ ಆರಂಭದಲ್ಲಿ ಉತ್ಪಾದನೆ ನಿಂತಿತು. ಇಪ್ಪತ್ತು ಎಕರೆಗೂ ಮಿಕ್ಕ ಆವರಣ ಇನ್ನೂ ಸರ್ಕಾರದ ಕೈಯಲ್ಲಿದ್ದು, ಅದನ್ನು ನಗರದ ಚರಿತ್ರೆ ಹೇಳುವ ಸಾರ್ವಜನಿಕ ತಾಣವಾಗಿಸುವ ಮಾತು ಸರ್ಕಾರದ ಮಟ್ಟದಲ್ಲಿ ನಡೆದಿದೆ. ರಾಜಾ ಮಿಲ್ಲಿಗೆ ಸಿಗದ ಭಾಗ್ಯ ಇದಕ್ಕೆ ಸಿಗಬೇಕಾದರೆ ಶೆಡ್ಡುಗಳನ್ನೂ ಯಂತ್ರಗಳನ್ನೂ ಉಳಿಸಿಕೊಳ್ಳಬೇಕು, ಅಲ್ಲಿ ಗಾಜು ಊದಿದ, ತಂತಿ ಜೋಡಿಸಿದ ಹಿರಿಯ ಕೆಲಸಗಾರರ ಮಾತುಗಳನ್ನು ಅವರು ನಮ್ಮ ನಡುವೆ ಇರುವಾಗಲೇ ಧ್ವನಿಮುದ್ರಿಸಿಕೊಳ್ಳಬೇಕು.